ಸೆಲ್ಫ್ ಹೊಡೀರಿ ಮೇಡಂ

ಬೆಳಗಿನ ಜಾವ ಐದೂಮುಕ್ಕಾಲು. ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಿಗೆ ನಮ್ಮ ಸ್ಕೂಟರ್ ಇಳಿಯುತ್ತಿದೆ. ಮೊದಲ ತಿರುವಿನಲ್ಲೇ ಮೊಬೈಲಿನ ಸಿಗ್ನಲ್ ಅರ್ಧಕ್ಕಿಳಿಯಿತು, ಎರಡನೇ ತಿರುವಿನಲ್ಲಿ ಪೂರ್ತಿ ಹೋಯಿತು. ಕೈ ಎತ್ತಿದರೆ ಸಿಗುವಷ್ಟು ತಗ್ಗಿನಲ್ಲಿ ಬೆಂಕಿ ಆರಿಸುವ ನೀರಿನ ಕೆಂಪು ಪೈಪುಗಳು ಹಾದಿವೆ. "ಟೋಯಿಂಗ್ ಗಾಡಿ ಇಲ್ಲಿಗೆ ಇಳಿಯಲ್ಲ ಸಾ, ಗೇಟ್ ಹತ್ರಾನೇ ನಿಂತ್ಕೋತದೆ," ಎನ್ನುತ್ತಾರೆ ಸ್ಕೂಟರ್ ಓಡಿಸುತ್ತಿರುವ ಮೆಕ್ಯಾನಿಕ್ ಅಣ್ಣ. ಮಂಡ್ಯ ಕಡೆಯವರು, ಐವತ್ತು ದಾಟಿದ್ದಾರೆ. ಕಿವಿ ಮುಚ್ಚಿದ ಮಫ್ಲರಿನ ಮೇಲೆ ಹೆಲ್ಮೆಟ್. ಎರಡು ಮೊಣಕಾಲುಗಳ ನಡುವೆ ಒಂದು ಕ್ಯಾನ್ವಾಸ್ ಚೀಲ.

ಸಂಕ್ರಾಂತಿ ಮುಗಿದ ಮಾರನೆಯ ದಿನ. ಹಬ್ಬ, ಸಾಲು ರಜೆ ಮುಗಿದ ಇಂಥ ಬೆಳಗುಗಳಲ್ಲಿ ಅಣ್ಣನ ಫೋನಿಗೆ ಬಿಡುವಿಲ್ಲ. ಊರಿಗೆ ಹೋದವರು ರಾತ್ರಿ ಬಸ್ಸಿನಲ್ಲಿ ವಾಪಸಾಗಿರುತ್ತಾರೆ. ಬೆಳಗ್ಗೆ ಆಫೀಸಿಗೆಂದು ಕೀ ತಿರುಗಿಸಿದರೆ ಕಾರು ಉಸಿರೆತ್ತುವುದಿಲ್ಲ. ಆಮೇಲೆ ಎಲ್ಲರದ್ದೂ ಒಂದೇ ಮಾತು: ಅಣ್ಣಾ, ಸೆಲ್ಫ್ ತಗೋತಿಲ್ಲ.

ಈ ಮೊದಲ ಕರೆಯಲ್ಲಿ ಮಾತ್ರ ಆಫೀಸಿಗಿಂತ ದೊಡ್ಡ ಅವಸರವಿದೆ. ಎರಡು ಕಂಬಗಳ ನಡುವೆ, ಮೂತಿಯನ್ನು ಗೋಡೆಗೆ ಹಾಕಿ ನಿಂತಿರುವ ಸಣ್ಣ ಬಿಳಿ ಕಾರಿನ ಪಕ್ಕದಲ್ಲಿ ಶಾಲು ಹೊದ್ದ ಒಬ್ಬರು ಕಾಯುತ್ತಿದ್ದಾರೆ. ನಿವೃತ್ತ ಶಿಕ್ಷಕಿ. ಅವರ ಯಜಮಾನರಿಗೆ ಏಳು ಗಂಟೆಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಟ್ಯಾಕ್ಸಿ ಎರಡು ಸಲ ಸಿಕ್ಕು, ಎರಡು ಸಲವೂ ರದ್ದಾಗಿದೆ. ಹಬ್ಬಕ್ಕೆ ಬಂದಿದ್ದ ಮೊಮ್ಮಕ್ಕಳು ಕಾರಿನಲ್ಲಿ ಕೂತು ಆಡಿ, ಒಳಗಿನ ದೀಪ ಹಾಕಿಯೇ ಇಳಿದುಹೋಗಿದ್ದಾರೆ. ಎರಡು ಹಗಲು ಎರಡು ರಾತ್ರಿ ಅದು ಉರಿದಿದೆ.

"ಇಷ್ಟು ಸಣ್ಣ ದೀಪಕ್ಕೆ ಇಡೀ ಬ್ಯಾಟರಿ ಹೋಗುತ್ತಾ?" ಮೇಡಂಗೆ ಇನ್ನೂ ನಂಬಿಕೆ ಬಂದಿಲ್ಲ.

ಹೋಗುತ್ತದೆ. ಐದು ವ್ಯಾಟಿನ ಬಲ್ಬು ಹನ್ನೆರಡು ವೋಲ್ಟಿನಲ್ಲಿ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಆದರೆ ನಲವತ್ತೆಂಟು ತಾಸು ಎಳೆದರೆ ಇಪ್ಪತ್ತು ಆಂಪಿಯರ್-ಅವರ್ ಖಾಲಿ. ಇಂಥ ಕಾರಿನ ಬ್ಯಾಟರಿ ಹೊಸದಿದ್ದಾಗಲೇ ಮೂವತ್ತೈದರದ್ದು. ಮೂರು ಬೇಸಿಗೆ ಕಂಡ ಮೇಲೆ ಅಷ್ಟೂ ಉಳಿದಿರುವುದಿಲ್ಲ.

ನಾವು ಬರುವ ಮೊದಲೇ ಸೆಕ್ಯುರಿಟಿಯ ಇಬ್ಬರು ಹುಡುಗರು ಕಾರನ್ನು ತಳ್ಳಲು ನೋಡಿದ್ದಾರೆ. ಅಲುಗಿಲ್ಲ. ಅಲುಗುವಂತೆಯೂ ಇಲ್ಲ, ಇದು ಆಟೊಮ್ಯಾಟಿಕ್. ಗೇರಿನ ಹಿಡಿ 'ಪಿ'ಯಲ್ಲಿ ಕೂತಿದೆ. ಬ್ರೇಕ್ ಒತ್ತಿದಾಗ ಅದನ್ನು ಬಿಡಿಸುವ ಒಳಗಿನ ಬೀಗಕ್ಕೂ ಕರೆಂಟು ಬೇಕು, ಆ ಕರೆಂಟೇ ಇಲ್ಲ. ಕ್ಲಚ್ ಇರುವ ಗಾಡಿಯಾದರೆ ಸೆಕೆಂಡ್ ಗೇರಿಗೆ ಹಾಕಿ, ನಾಲ್ಕು ಜನ ತಳ್ಳಿ, ಓಟ ಬಂದಾಗ ಕ್ಲಚ್ ಬಿಟ್ಟರೆ ಎಂಜಿನ್ ಎದ್ದು ಕೂರುತ್ತಿತ್ತು. ನಮ್ಮ ಬೀದಿಗಳಲ್ಲಿ ದಶಕಗಳ ಕಾಲ ನಡೆದದ್ದು ಅದೇ: ಒಬ್ಬರು ಸ್ಟೇರಿಂಗಿನಲ್ಲಿ, ದಾರಿಹೋಕರೆಲ್ಲ ಹಿಂದೆ. ಈಗ ಕ್ಲಚ್ ಪೆಡಲೇ ಇಲ್ಲದ ಕಾರುಗಳು ಬಹಳ ಇವೆ. ಕ್ಲಚ್ ಇದ್ದರೂ ಪೆಟ್ರೋಲ್ ಪಂಪು, ಇಂಜೆಕ್ಟರು, ಎಲ್ಲವನ್ನೂ ನಡೆಸುವ ಕಂಪ್ಯೂಟರು ಆ ಒಂದು ಬ್ಯಾಟರಿಯನ್ನೇ ನಂಬಿವೆ. ಅದು ಪೂರ್ತಿ ಮಲಗಿದರೆ ಹತ್ತು ಜನ ತಳ್ಳಿದರೂ ವ್ಯರ್ಥ. ಇನ್ನೊಂದು ಕಾರು ತಂದು ಜಂಪರ್ ಕೇಬಲ್ ಹಾಕೋಣವೆಂದರೆ ಮೂತಿ ಗೋಡೆಯ ಕಡೆಗಿದೆ. ಒಬ್ಬರು ಓರೆಯಾಗಿ ನುಸುಳುವಷ್ಟೇ ಜಾಗ.

ಅಣ್ಣ ನುಸುಳುತ್ತಾರೆ. ಬಾನೆಟ್ ಎತ್ತಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್ಲುಗಳಿಗೆ ತಾಕಿಸುತ್ತಾರೆ. 5.2. ಬ್ಯಾಟರಿಯೊಳಗೆ ಆರು ಕೋಣೆಗಳಿವೆ, ತುಂಬಿದಾಗ ಒಂದೊಂದಕ್ಕೆ 2.1 ವೋಲ್ಟು, ಒಟ್ಟು 12.6. ಹನ್ನೆರಡಕ್ಕೆ ಇಳಿದರೇ ಹೆಚ್ಚುಕಡಿಮೆ ಖಾಲಿಯೆಂದು ಲೆಕ್ಕ. 5.2 ಅಂದರೆ ತಳದ ಕೆಸರು ಕಾಣುತ್ತಿದೆ.

"ಕುಂತೋಗದೆ ಮೇಡಂ. ಏಳ್ಸಣ. ಗಾಬರಿ ಬೇಡ."

ಚೀಲದಿಂದ ಹೊರಬರುವುದು ಕಪ್ಪು ಬಣ್ಣದ ಒಂದು ಡಬ್ಬಿ. ಅಣ್ಣ ಅದನ್ನು ನನ್ನ ಕೈಗೆ ಕೊಡುತ್ತಾರೆ. ಅರ್ಧ ಕಿಲೋದ ಆಸುಪಾಸು ತೂಕ. ಅಂಗೈಗಿಂತ ಸ್ವಲ್ಪ ದೊಡ್ಡದು, ಮೂಲೆಗಳಿಗೆ ರಬ್ಬರು, ಒಂದು ಬದಿಯಲ್ಲಿ ಮೊಬೈಲ್ ಚಾರ್ಜಿನ ಕಿಂಡಿ, ಇನ್ನೊಂದು ಬದಿಯಲ್ಲಿ ರಬ್ಬರ್ ಮುಚ್ಚಳದಡಿ ನೀಲಿ ಬಣ್ಣದ ದಪ್ಪ ಸಾಕೆಟ್ಟು. ಅದಕ್ಕೆ ಸಿಕ್ಕಿಸುವ ಕೇಬಲ್ ಗೇಣುದ್ದವೂ ಇಲ್ಲ, ಆದರೆ ಹೆಬ್ಬೆರಳಿನ ದಪ್ಪ. ತುದಿಯಲ್ಲಿ ಹಲ್ಲಿರುವ ಎರಡು ಕ್ಲಿಪ್ಪು, ಕೆಂಪೊಂದು ಕಪ್ಪೊಂದು. ನಡುವೆ ಬೆಂಕಿಪೊಟ್ಟಣದಷ್ಟು ಒಂದು ಗಂಟು, ಅದರಲ್ಲಿ ಪುಟ್ಟ ದೀಪ. ಜಂಪ್ ಸ್ಟಾರ್ಟರ್ ಅಂದರೆ ಇಷ್ಟೇ.

ಇಷ್ಟು ಸಣ್ಣದು ಅಷ್ಟು ದೊಡ್ಡ ಎಂಜಿನ್ನನ್ನು ತಿರುಗಿಸುವುದು ಹೇಗೆ? ಒಳಗಿರುವುದು ಸಾಮಾನ್ಯವಾಗಿ ಮೂರು ಲಿಥಿಯಂ ಸೆಲ್ಲುಗಳು, ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿದವು. ತುಂಬಿದಾಗ ತಲಾ 4.2 ವೋಲ್ಟು. ಮೂರು ಸೇರಿ 12.6: ಸೀಸದ ಆರು ಕೋಣೆಗಳ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಸಂಗ್ರಹ ನೋಡಿದರೆ ಕಾರಿನ ಬ್ಯಾಟರಿಯ ಹತ್ತನೇ ಒಂದು ಪಾಲು ಮಾತ್ರ. ಆದರೆ ಕಾರು ಸ್ಟಾರ್ಟ್ ಆಗಲು ಸಂಗ್ರಹ ಹೆಚ್ಚು ಬೇಡ, ಒಮ್ಮೆಲೆ ಹರಿಯುವ ರಭಸ ಬೇಕು. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರು ನೂರೈವತ್ತು ಆಂಪಿಯರಿನಷ್ಟು ಎಳೆಯುತ್ತದೆ, ಎರಡು ಸೆಕೆಂಡು. ಗುಣಿಸಿ ನೋಡಿದರೆ ಒಂದು ವ್ಯಾಟ್-ಅವರಿಗೂ ಕಡಿಮೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಐದಾರು ನಿಮಿಷ ಉರಿಯಲು ಬೇಕಾದಷ್ಟೇ ವಿದ್ಯುತ್ತು. ಅಷ್ಟನ್ನು ಎರಡು ಸೆಕೆಂಡಿನಲ್ಲಿ ಸುರಿಯಬಲ್ಲ ಸೆಲ್ಲು ಬೇಕು. ಮೊಬೈಲಿನ ಪವರ್ ಬ್ಯಾಂಕಿನಲ್ಲಿರುವ ಸೆಲ್ಲಿಗೆ ಆ ಶಕ್ತಿ ಇಲ್ಲ, ಇದಕ್ಕೆಂದೇ ಮಾಡಿದ ಸೆಲ್ಲಿಗೆ ಇದೆ.

ಅಣ್ಣ ಕ್ಲಿಪ್ಪು ಹಾಕುತ್ತಾರೆಂದು ನಾನು ಕಾಯುತ್ತಿದ್ದರೆ, ಅವರು ಗೋಡೆಯ ಸಂದಿಯಿಂದ ಹೊರಗೆ ಬಂದರು. "ನೀವೇ ಹಾಕಿ ಮೇಡಂ. ನಾನು ಇಲ್ಲೇ ನಿಂತಿರ್ತೀನಿ."

"ನಾನಾ? ಶಾಕ್ ಹೊಡೆದ್ರೆ?"

"ಹನ್ನೆರಡು ವೋಲ್ಟು ಹೊಡಿಯಲ್ಲ. ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಕಬಾರ್ದು, ಅಷ್ಟೇ. ಬಳೆ ತೆಗೆದಿಡಿ."

ಅದೂ ಸುಮ್ಮನೆ ಹೇಳಿದ ಮಾತಲ್ಲ. ಚಿನ್ನದ ಬಳೆಯೋ ಉಂಗುರವೋ ಪ್ಲಸ್ ಟರ್ಮಿನಲ್ಲಿಗೂ ಕಾರಿನ ಮೈಗೂ ಒಟ್ಟಿಗೆ ತಗುಲಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಂಪಗೆ ಕಾದು ಚರ್ಮ ಸುಡುತ್ತದೆ. ಮೇಡಂ ಬಳೆ ತೆಗೆದು ಶಾಲಿನ ತುದಿಗೆ ಗಂಟು ಹಾಕಿಕೊಂಡರು, ಶಾಲನ್ನು ನನಗೆ ಕೊಟ್ಟರು, ಸೆರಗು ಸಿಕ್ಕಿಸಿಕೊಂಡು ಸಂದಿಗೆ ನುಸುಳಿದರು.

"ಕೆಂಪು ಮೊದ್ಲು. ಪ್ಲಸ್ ಮೇಲೆ ಕೆಂಪು ಮುಚ್ಚಳ ಇದೆ ನೋಡಿ, ಎತ್ತಿ. ಬರೀ ತಾಕಿಸ್ಬೇಡಿ, ಹಲ್ಲು ಸೀಸಕ್ಕೆ ಕಚ್ಚಬೇಕು. ಹಾಂ. ಈಗ ಕಪ್ಪು. ಬ್ಯಾಟ್ರಿ ಮೈನಸ್ಸಿಗೆ ಬೇಡ, ಅಲ್ಲಿ ಎಂಜಿನ್ ಮೇಲೆ ಬಣ್ಣ ಇಲ್ದಿರೋ ಬೋಲ್ಟು ಇದ್ಯಲ್ಲ, ಅದಕ್ಕೆ."

ಮೈನಸ್ಸಿಗೇ ಹಾಕಿದರೂ ಕೆಲಸ ನಡೆಯುತ್ತದೆ, ಹಾಗೇ ಹಾಕಿ ಎನ್ನುವ ಕಂಪನಿಗಳೂ ಇವೆ. ಅಣ್ಣನದು ಹಳೆಯ ಶಿಸ್ತು. ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕೊನೆಯ ಕ್ಲಿಪ್ಪು ಕೂರುವಾಗ ಕಿಡಿ ಹಾರಬಹುದು, ಆ ಕಿಡಿ ಬ್ಯಾಟರಿಯ ನೆತ್ತಿಯ ಮೇಲೆ ಹಾರುವುದು ಬೇಡ. ನಾನು ಈ ಶಿಸ್ತಿನ ಪರ. ಸ್ವಲ್ಪ ಆಚೆ ಕೈ ಚಾಚುವುದರಿಂದ ಯಾರಿಗೂ ನಷ್ಟವಿಲ್ಲ.

ಎರಡೂ ಕ್ಲಿಪ್ಪು ಕೂತ ಮೇಲೆ ಡಬ್ಬಿಯ ಗುಂಡಿ ಒತ್ತಿದರು. ಹಸಿರು ದೀಪ ಬರಬೇಕು. ಬರಲಿಲ್ಲ. ಮೇಡಂ ಅಣ್ಣನ ಮುಖ ನೋಡಿದರು.

"ಬ್ಯಾಟ್ರಿ ಅಷ್ಟು ಇಳಿದದೆ. ಇಲ್ಲೊಂದು ಬ್ಯಾಟ್ರಿ ಐತೆ ಅಂತ ಡಬ್ಬಿಗೇ ಗೊತ್ತಾಗ್ತಿಲ್ಲ. ಪಕ್ಕದಲ್ಲಿ ಬೂಸ್ಟ್ ಗುಂಡಿ ಇದೆ. ತಡೀರಿ, ಈಗಲೇ ಒತ್ಬೇಡಿ! ಇನ್ನೊಂದ್ಸಲ ನೋಡ್ಕಳಿ, ಕೆಂಪು ಎಲ್ಲಿದೆ? ಕಪ್ಪು ಎಲ್ಲಿದೆ? ಬಾಯ್ಬಿಟ್ಟು ಹೇಳಿ."

ಮೇಡಂ ತರಗತಿಯಲ್ಲಿ ಪಾಠ ಒಪ್ಪಿಸುವಂತೆ ಹೇಳಿದರು. ಈ ಹಟಕ್ಕೆ ಕಾರಣವಿದೆ. ಸಾಮಾನ್ಯವಾಗಿ ಕ್ಲಿಪ್ಪು ತಿರುಗುಮುರುಗಾದರೆ ಡಬ್ಬಿ ಕರೆಂಟೇ ಬಿಡುವುದಿಲ್ಲ; ಕೆಂಪು ದೀಪ ಹಾಕಿ ಕೂಗುತ್ತದೆ. ಬೂಸ್ಟ್ ಒತ್ತಿದಾಗ ಆ ಕಾವಲು ಇರುವುದಿಲ್ಲ. ಆಗ ತಪ್ಪಾದರೆ ಕಾರಿನ ಫ್ಯೂಸು, ಆಲ್ಟರ್ನೇಟರು, ಕಂಪ್ಯೂಟರು ಎಲ್ಲವೂ ಸುಡುವ ಸಂಭವವಿದೆ. ಆ ಅರ್ಧ ನಿಮಿಷ ಮನುಷ್ಯನ ಕಣ್ಣೇ ಕಾವಲು.

ಬೂಸ್ಟ್ ಒತ್ತಿದರು. ಹಸಿರು ಬಂತು.

"ಈಗ ಹೋಗಿ ಸೆಲ್ಫ್ ಹೊಡೀರಿ ಮೇಡಂ. ಮೂರು ಸೆಕೆಂಡು, ಜಾಸ್ತಿ ಬೇಡ."

ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಹೊತ್ತಿಕೊಂಡವು. ಟಕ್, ಟಕ್, ಟಕ್‌ಟಕ್‌ಟಕ್. ಒಂದು ಭಾರವಾದ 'ಊಂ', ಅಲ್ಲಿಗೆ ನಿಂತಿತು. ಅಣ್ಣ ಕೈ ಎತ್ತಿ ತಡೆದರು. ಒಂದು ನಿಮಿಷ ಯಾರೂ ಏನೂ ಮುಟ್ಟಬಾರದು. ಕೇಬಲ್ಲೂ ಸ್ಟಾರ್ಟರ್ ಮೋಟಾರೂ ಆರಬೇಕು, ಸೆಲ್ಲು ದಮ್ಮು ತಗೋಬೇಕು. ಮತ್ತೆ ಮತ್ತೆ ಕೀ ತಿರುಗಿಸಿಯೇ ಜನ ಮೋಟಾರು ಸುಡುವುದು. ಕ್ಲಿಪ್ಪುಗಳನ್ನು ಅಲ್ಲಾಡಿಸಿ ಹಲ್ಲು ಇನ್ನೂ ಆಳಕ್ಕೆ ಕೂರಿಸಿ, ಮತ್ತೊಮ್ಮೆ ಬೂಸ್ಟ್, ಮತ್ತೊಮ್ಮೆ ಸೆಲ್ಫ್. ಊಂ... ಊಂ ಊಂ ಊಂ, ಎಂಜಿನ್ ಹತ್ತಿಕೊಂಡಿತು. ತಗ್ಗಿನ ಮಾಡಿನಡಿ ಆ ಸದ್ದು ದುಪ್ಪಟ್ಟಾಗಿ ಕೇಳಿತು. ಸೆಕ್ಯುರಿಟಿ ಹುಡುಗರು ಚಪ್ಪಾಳೆ ತಟ್ಟಿದರು. ಮೇಡಂ ಸ್ಟೇರಿಂಗಿನಿಂದ ಕೈ ತೆಗೆಯದೆ ಕೂತಿದ್ದಾರೆ, ಕಣ್ಣು ತುಂಬಿದೆ.

"ಇಳೀರಿ, ಕೆಲಸ ಮುಗಿದಿಲ್ಲ," ಎಂದರು ಅಣ್ಣ ಮೆತ್ತಗೆ. ಬಿಚ್ಚುವಾಗ ಕಪ್ಪು ಮೊದಲು, ಆಮೇಲೆ ಕೆಂಪು, ತಡ ಮಾಡುವಂತಿಲ್ಲ. ಆಲ್ಟರ್ನೇಟರು ಈಗ ಹದಿನಾಲ್ಕು ವೋಲ್ಟಿನ ಮೇಲೆ ಕೊಡುತ್ತಿದೆ, ಅದು ಲಿಥಿಯಂ ಡಬ್ಬಿಯ ಕಡೆಗೆ ನುಗ್ಗಬಾರದು. ಮೀಟರ್ ಹಿಡಿದರೆ 14.1. ಅಂದರೆ ಕಾರಿನ ಚಾರ್ಜಿಂಗ್ ಸರಿಯಾಗಿದೆ. "ಇಲ್ಲೇ ಓಡಿಸ್ತಾ ನಿಲ್ಬೇಡಿ, ಬೇಸ್‌ಮೆಂಟಲ್ಲಿ ಹೊಗೆ ತುಂಬ್ಕಳುತ್ತೆ. ಮೇಲೆ ತಗೊಂಡೋಗಿ ನಿಲ್ಸಿ, ಸಾರನ್ನ ಅಲ್ಲಿಗೇ ಕರ್ಕೊಂಡ್ಬನ್ನಿ."

ಉಳಿದ ಪ್ರಶ್ನೆ ಒಂದೇ. ಆಸ್ಪತ್ರೆಯಲ್ಲಿ ನಾಲ್ಕು ತಾಸು ಕಾರು ನಿಲ್ಲಬೇಕು. ಅರ್ಧ ಗಂಟೆಯ ಓಡಾಟದಲ್ಲಿ ಇಷ್ಟು ಇಳಿದ ಬ್ಯಾಟರಿ ತುಂಬುವುದಿಲ್ಲ. ಅದಕ್ಕೆ ಅಂಗಡಿಯ ಚಾರ್ಜರಿನಲ್ಲಿ ಇಡೀ ರಾತ್ರಿ ಬೇಕು. ವಾಪಸು ಬರುವಾಗ ಮತ್ತೆ ಮಲಗಿದ್ದರೆ? ಅಣ್ಣ ಡಬ್ಬಿಯನ್ನು ಒರೆಸಿ, ಕೇಬಲ್ ಸುತ್ತಿ, ಪಕ್ಕದ ಸೀಟಿನ ಮೇಲಿಟ್ಟರು. "ಇಟ್ಕೊಂಡಿರಿ. ನಿಮಗೀಗ ಬರ್ತದಲ್ಲ. ಸಾಯಂಕಾಲ ಬಂದು ಬ್ಯಾಟ್ರಿ ಚಾರ್ಜಿಗೆ ತಗೊಂಡೋಗ್ತೀನಿ, ಆಗ ಕೊಡಿ."

ಗ್ರಾಹಕರ ಕೈಯಲ್ಲೇ ಅವರು ಕೆಲಸ ಮಾಡಿಸುವುದು ಯಾಕೆಂದು ನನಗೆ ಅಲ್ಲಿ ತಿಳಿಯಿತು. ಮೇಡಂ ಮೇಲೆ ಓಡಿಹೋಗಿ ಎಳ್ಳು ಬೆಲ್ಲದ ಎರಡು ಪೊಟ್ಟಣ ತಂದುಕೊಟ್ಟರು.

ಬನಶಂಕರಿ ದಾಟುವಾಗ ಹದಿನೈದು ಡಿಗ್ರಿಯ ಗಾಳಿ ಮುಖಕ್ಕೆ ಹೊಡೆಯುತ್ತಿದೆ. ಚಳಿಗೆ ಬ್ಯಾಟರಿ ಸಾಯುತ್ತದೆ ಎಂದೇ ನಾನು ತಿಳಿದಿದ್ದೆ. ಅಣ್ಣ ತಲೆಯಾಡಿಸುತ್ತಾರೆ. "ಸಾಯೋದು ಬೇಸಿಗೇಲಿ ಸಾ. ಚಳೀಲಿ ಹೆಣ ಸಿಗ್ತದೆ ಅಷ್ಟೇ." ಪುಸ್ತಕಗಳೂ ಇದನ್ನೇ ಹೇಳುತ್ತವೆ. ತಾಪ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬ ಲೆಕ್ಕವಿದೆ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಬಾನೆಟ್ಟಿನಡಿ ಕುದಿಯುವ ಬ್ಯಾಟರಿಯೊಳಗೆ ನೀರು ಆರುತ್ತದೆ, ಫಲಕಗಳನ್ನು ತುಕ್ಕು ತಿನ್ನುತ್ತದೆ. ಆಗ ಯಾರಿಗೂ ತಿಳಿಯುವುದಿಲ್ಲ, ಯಾಕೆಂದರೆ ಬೆಚ್ಚಗಿನ ಎಂಜಿನ್ ಸುಲಭವಾಗಿ ತಿರುಗುತ್ತದೆ. ಜನವರಿಯಲ್ಲಿ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಒಳಗೊಳಗೇ ಸವೆದದ್ದು ಬಯಲಾಗುತ್ತದೆ. ನಿಂತ ಕಾರಿನಲ್ಲೂ ಅಲಾರಾಂ, ಗಡಿಯಾರ, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಹನಿಹನಿಯಾಗಿ ಹೀರುತ್ತಲೇ ಇರುತ್ತವೆ. ಐವತ್ತು ಮಿಲಿಆಂಪ್ ಸೋರಿದರೆ ದಿನಕ್ಕೆ 1.2 ಆಂಪಿಯರ್-ಅವರ್ ಹೋಯಿತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ಕಾರುಗಳೆಲ್ಲ ನಿಂತಲ್ಲೇ ನಿಂತಾಗ ಕೂತುಹೋದ ಬ್ಯಾಟರಿಗಳನ್ನು ನೆನೆದರೆ ಅಣ್ಣನಿಗೆ ಈಗಲೂ ಸುಸ್ತು.

ಮುಂದಿನ ಕರೆ ಬಸವನಗುಡಿಯದು. ಹತ್ತೇ ನಿಮಿಷದ ಕೆಲಸ, ಅಲ್ಲಿ ಚೀಲದಲ್ಲಿದ್ದ ಇನ್ನೊಂದು ಡಬ್ಬಿಯನ್ನು ತೆಗೆಯಲೇ ಇಲ್ಲ. ಹಳೆಯ ಕಾರು, ಅದಕ್ಕಿಂತ ಹಿರಿಯ ಯಜಮಾನರು. ಬಾನೆಟ್ ಎತ್ತಿದರೆ ಪ್ಲಸ್ ಟರ್ಮಿನಲ್ಲಿನ ಸುತ್ತ ಬಿಳಿ ಹಸಿರು ಪುಡಿ ಹೂವಿನಂತೆ ಅರಳಿಕೊಂಡಿದೆ. ಬ್ಯಾಟರಿ 12.4 ತೋರಿಸುತ್ತಿದೆ; ಕರೆಂಟು ಒಳಗಿದೆ, ಹೊರಬರಲು ದಾರಿ ಇಲ್ಲ. ಹತ್ತರ ಸ್ಪ್ಯಾನರಿನಲ್ಲಿ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಮನೆಯೊಳಗಿಂದ ತರಿಸಿದ ಬಿಸಿನೀರು ಸುರಿದು, ಬ್ರಷ್ಷಿನಲ್ಲಿ ಸೀಸ ಹೊಳೆಯುವವರೆಗೆ ಉಜ್ಜಿ ವ್ಯಾಸಲೀನ್ ಸವರಿದರು. ಒಂದೇ ಸೆಲ್ಫಿಗೆ ಕಾರು ಎದ್ದಿತು. ಡಬ್ಬಿ ಇದೆಯೆಂದು ಕಣ್ಣು ಮುಚ್ಚಿ ಕ್ಲಿಪ್ಪು ಹಾಕುವವರು ಇದನ್ನು ಗಮನಿಸಬೇಕು.

ಯಜಮಾನರು ಬಿಡಲಿಲ್ಲ, ಕಾಫಿ ಬಂತು, ಅದರ ಜೊತೆಗೆ ಅಂಬಾಸಡರ್ ಕಾಲವೂ ಬಂತು. ಆ ಕಾರಿನೊಂದಿಗೆ ಒಂದು ಕಬ್ಬಿಣದ ಹ್ಯಾಂಡಲ್ ಬರುತ್ತಿತ್ತು. ಬ್ಯಾಟರಿ ಕೂತರೆ ಮುಂದಿನ ಕಿಂಡಿಯಲ್ಲಿ ಅದನ್ನು ತೂರಿಸಿ ಕೈಯಲ್ಲೇ ಎಂಜಿನ್ ತಿರುಗಿಸುವುದು. ಅಣ್ಣ ಎದ್ದು ನಿಂತು ಮಾಡಿ ತೋರಿಸುತ್ತಾರೆ: ಹೆಬ್ಬೆರಳು ಹಿಡಿಯ ಸುತ್ತ ಹೋಗಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಎಂಜಿನ್ ತಿರುಗಿ ಒದ್ದರೆ ಹೆಬ್ಬೆರಳೇ ಮೊದಲು ಮುರಿಯುವುದು. ಗ್ಯಾರೇಜಿಗೆ ಸೇರಿದ ಹೊಸತರಲ್ಲಿ ಗುರುಗಳು ಕಲಿಸಿದ ಮೊದಲ ಪಾಠವಂತೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಕ್ಯಾಡಿಲಾಕ್ ಕಾರುಗಳಿಗೆ 1912ರಲ್ಲಿ ಅಳವಡಿಸಿದ ಮೇಲೆಯೇ ಜಗತ್ತು ಆ ಹ್ಯಾಂಡಲ್ಲಿನಿಂದ ಬಿಡಿಸಿಕೊಳ್ಳತೊಡಗಿದ್ದು. ತೋಳ್ಬಲ ಬೇಕಿಲ್ಲದ್ದರಿಂದ ಕಾರು ಓಡಿಸುವ ಹೆಂಗಸರ ಸಂಖ್ಯೆ ಹೆಚ್ಚಲು ಅದೂ ಒಂದು ಕಾರಣವಾಯಿತು. ಆದರೆ ಆ ಸ್ಟಾರ್ಟರನ್ನು ತಿರುಗಿಸುವ ಸೀಸದ ಬ್ಯಾಟರಿ ಫ್ರಾನ್ಸಿನ ಗಾಸ್ಟಾನ್ ಪ್ಲಾಂಟೆ 1859ರಲ್ಲಿ ಮಾಡಿದ್ದರದೇ ಸಂತತಿ. ಅದು ಮಲಗಿದಾಗ ಎಬ್ಬಿಸಲು ಬರುವ ಲಿಥಿಯಂ-ಅಯಾನ್ ಸೆಲ್ಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದರ ಹಿಂದಿನ ಸಂಶೋಧನೆಗೆ ಗುಡೆನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಎಂಟು ಗಂಟೆಗೆ ನಾವು ಕಲಾಸಿಪಾಳ್ಯದ ಹತ್ತಿರ. ಲಾರಿ, ಬಸ್ಸು, ಕೈಗಾಡಿಗಳ ನಡುವೆ ಒಂದು ಡೀಸೆಲ್ ಪಿಕಪ್ ಅಡ್ಡಲಾಗಿ ನಿಂತಿದೆ. ಹಿಂದೆ ಅವರೆಕಾಯಿ ಮೂಟೆಗಳು, ಸೊಗಡು ಮಾರು ದೂರಕ್ಕೇ ಮೂಗಿಗೆ ಬಡಿಯುತ್ತಿದೆ. ಡ್ರೈವರು ಇಪ್ಪತ್ತೈದರ ಹುಡುಗ, ಮಾಗಡಿ ಕಡೆಯವನು. ಸುತ್ತಲ ಹಾರನ್ನುಗಳಿಗೆ ಬೆವೆತುಹೋಗಿದ್ದಾನೆ. ಅವನ ಕೈಯಲ್ಲೂ ಒಂದು ಡಬ್ಬಿ! ಮೇಲೆ ದೊಡ್ಡಕ್ಷರದಲ್ಲಿ 2000 ಆಂಪ್ ಎಂದಿದೆ.

"ಅಣ್ಣೋ, ಇದು ಕೆಲ್ಸಾನೇ ಮಾಡ್ತಿಲ್ಲ ಕಣಣ್ಣೋ. ಚಾರ್ಜಿಗೆ ಹಾಕಿದ್ರೆ ದೀಪಾನೂ ಬರ್ತಿಲ್ಲ."

ಅಣ್ಣ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಡಬ್ಬಿಯ ಎರಡು ಹೋಳು ಸೇರುವ ಗೆರೆ ಒಂದು ಕಡೆ ಬಾಯಿ ಬಿಟ್ಟಿದೆ. ಸಂದಿಯಲ್ಲಿ ಬೆಳ್ಳಿ ಬಣ್ಣದ ಹಾಳೆಯ ಸೆಲ್ಲು, ಒಲೆಯ ಮೇಲಿನ ಪೂರಿಯಷ್ಟು ಉಬ್ಬಿಲ್ಲದಿದ್ದರೂ ಬೆರಳಿಟ್ಟರೆ ಪುಸಕ್ಕೆನ್ನುವಷ್ಟು ಊದಿದೆ.

"ಎಲ್ಲಿಡ್ತಿದ್ದೆ?"

"ಡ್ಯಾಶ್‌ಬೋರ್ಡ್ ಮೇಲೆ. ಕೈಗೆ ಸಿಗ್ಲಿ ಅಂತ."

"ಚಾರ್ಜ್ ಯಾವಾಗ ಮಾಡಿದ್ದೆ?"

ಹುಡುಗ ನೆನಪು ಮಾಡಿಕೊಂಡ. ತಗೊಂಡಾಗ ಮಾಡಿದ್ದು. ಹೋದ ಗೌರಿ ಹಬ್ಬದ ಹಿಂದಿನ ಗೌರಿ ಹಬ್ಬಕ್ಕೆ.

ಅಣ್ಣನ ಮುಖದಲ್ಲಿ ಸಿಟ್ಟಿಗಿಂತ ಸಂಕಟ ಕಂಡಿತು. ಬಿಸಿಲಲ್ಲಿ ನಿಂತ ಗಾಡಿಯ ಗಾಜಿನ ಹಿಂದೆ ತಾಪ ಅರವತ್ತು ಡಿಗ್ರಿ ಮುಟ್ಟಬಲ್ಲದು. ಲಿಥಿಯಂ ಸೆಲ್ಲಿಗೆ ಅದು ಚಿತ್ರಹಿಂಸೆ, ಒಳಗೆ ಅನಿಲ ಹುಟ್ಟಿ ಊದಿಕೊಳ್ಳುತ್ತದೆ. ಊದಿದ್ದನ್ನು ಚಾರ್ಜಿಗೆ ಹಾಕಿದರೆ ಹೊತ್ತಿಕೊಳ್ಳಲೂಬಹುದು, ಸುಲಭಕ್ಕೆ ಆರದ ಬೆಂಕಿ. "ಇದನ್ನ ಇನ್ನು ಮುಟ್ಬೇಡ. ಕಸದ ಗಾಡಿಗೂ ಹಾಕ್ಬೇಡ. ಇ-ವೇಸ್ಟ್ ತಗೊಳೋರಿಗೆ ನಾನು ಕೊಡ್ತೀನಿ," ಎಂದು ಅದನ್ನು ಚೀಲಕ್ಕೆ ಸೇರಿಸದೆ, ಬೇರೆಯಾಗಿ ಒಂದು ಖಾಲಿ ತಗಡಿನ ಡಬ್ಬದಲ್ಲಿಟ್ಟರು. ಬ್ಯಾಟರಿ ಕೂತಾಗ ನೆರವಾಗಲೆಂದು ಕೊಂಡ ವಸ್ತು ತಾನೇ ಕೂತಿದ್ದರೆ ಅದರಂಥ ಮೋಸ ಬೇರೆ ಇಲ್ಲ. ಇದನ್ನು ಕೊಂಡವರಲ್ಲಿ ಎಷ್ಟೋ ಜನ ಡಿಕ್ಕಿಗೆ ಎಸೆದು ಮರೆಯುತ್ತಾರೆ. ಅಣ್ಣನಿಗೆ ಬರುವ ಕರೆಗಳಲ್ಲಿ ಇಂಥವೂ ಇರುತ್ತವೆ.

ಸಣ್ಣ ಡಬ್ಬಿ ಮೇಡಂ ಬಳಿ ಇದೆ. ಚೀಲದಲ್ಲಿ ಉಳಿದದ್ದು ದೊಡ್ಡದು, ಡೀಸೆಲ್ಲಿಗೆಂದೇ ಇಟ್ಟುಕೊಂಡದ್ದು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹತ್ತು ಹನ್ನೊಂದು ಪಟ್ಟು ಒತ್ತಿದರೆ ಡೀಸೆಲ್ ಹದಿನಾರು ಹದಿನೆಂಟು ಪಟ್ಟು ಒತ್ತಬೇಕು, ಆ ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳುವುದು. ತಿರುಗಿಸಲು ಮುನ್ನೂರು ಆಂಪಿಯರಿನ ಆಚೆಗೂ ಬೇಕಾಗುತ್ತದೆ. ಹುಡುಗನ ಡಬ್ಬಿಯ ಮೇಲೆ ಬರೆದಿರುವ 2000 ಅರೆಕ್ಷಣದ ತುತ್ತತುದಿ. ಮೂರು ಸೆಕೆಂಡು ಒಂದೇ ಸಮ ಎಷ್ಟು ಕೊಡುತ್ತದೆ ಎಂಬುದು ಬೇರೆಯೇ ಲೆಕ್ಕ. ಅದನ್ನು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಕೆಲವರು ಬರೆಯುವುದೂ ಇಲ್ಲ. ಕೊಳ್ಳುವವರು ಆ ಸಂಖ್ಯೆಗೆ ಮರುಳಾಗುವ ಬದಲು ಎಷ್ಟು ಲೀಟರಿನ ಪೆಟ್ರೋಲ್ ಎಂಜಿನ್ನಿಗೆ, ಎಷ್ಟು ಲೀಟರಿನ ಡೀಸೆಲ್ಲಿಗೆ ಎಂದು ಬರೆದ ಸಾಲನ್ನು ಹುಡುಕಬೇಕು, ಕೇಬಲ್ಲಿನ ದಪ್ಪ ನೋಡಬೇಕು.

ಹುಡುಗನಿಗೆ ತಾಳ್ಮೆ ಇಲ್ಲ. ಕ್ಲಿಪ್ಪು ಕಿತ್ತುಕೊಂಡು ತಾನೇ ಹಾಕಿದ. ಗ್ರೀಸು ಧೂಳಿನಿಂದ ಎರಡೂ ಟರ್ಮಿನಲ್ ಕರಿಗಟ್ಟಿವೆ, ಅದಲುಬದಲಾಯಿತು. ಪೀಂ ಪೀಂ ಎಂದು ಡಬ್ಬಿ ಕೂಗಿಕೊಂಡಿತು, ಕೆಂಪು ದೀಪ. ಒಂದು ಕಿಡಿಯೂ ಹಾರಲಿಲ್ಲ. ಬರಿಯ ಜಂಪರ್ ಕೇಬಲ್ಲಾಗಿದ್ದರೆ ಈ ಹೊತ್ತಿಗೆ ಸುಟ್ಟ ವಾಸನೆ ಬರುತ್ತಿತ್ತು. ಅಣ್ಣ ಬಟ್ಟೆಯಿಂದ ಒರೆಸಿ ಗುರುತು ತೋರಿಸಿದರು, ಹುಡುಗ ತಿರುಗಿಸಿ ಹಾಕಿದ, ಹಸಿರು ಬಂತು. ಒಂದೇ ಸೆಲ್ಫು. ಪಿಕಪ್ ಕರಿಹೊಗೆ ಉಗುಳಿ ಗುಡುಗತೊಡಗಿತು.

ಕ್ಲಿಪ್ಪು ಹಾಕುವ ಮೊದಲು ಹಿಡಿದಿದ್ದ ಮೀಟರಿನ ಅಂಕಿ ಮಾತ್ರ ಅಣ್ಣನಿಗೆ ಹಿಡಿಸಿಲ್ಲ: 10.5. ಸುಮ್ಮನೆ ಇಳಿದ ಬ್ಯಾಟರಿ ಎಲ್ಲಿ ಬೇಕಾದರೂ ನಿಲ್ಲಬಹುದು, ಆದರೆ 10.5 ಅಂದರೆ 2.1ರ ಐದು ಕೋಣೆ. ಆರನೆಯದು ಸತ್ತಿರುವ ಗುಮಾನಿ. "ರಾತ್ರಿ ಲೈಟ್ ಏನಾರ ಬಿಟ್ಟಿದ್ಯಾ?" ಇಲ್ಲ. "ಹಾಗಾದ್ರೆ ಬ್ಯಾಟ್ರೀನೇ ಹೋಗದೆ ಕಣಪ್ಪ. ಎಂಜಿನ್ ಆಫ್ ಮಾಡ್ಬೇಡ, ನೇರ ಜೆ.ಸಿ. ರಸ್ತೆಗೆ ನಡಿ." ಒಂದು ಕೋಣೆ ಸತ್ತ ಬ್ಯಾಟರಿಗೆ ಜಂಪ್ ಕೊಟ್ಟು ಊರೂರು ಸುತ್ತುವಂತಿಲ್ಲ. ಹದಿನಾಲ್ಕು ವೋಲ್ಟು ಉಳಿದ ಐದರ ಮೇಲೆ ಬಿದ್ದು ಅದು ಕುದಿಯತೊಡಗುತ್ತದೆ.

ಜೆ.ಸಿ. ರಸ್ತೆಯ ಅಂಗಡಿಯಾತ ಲೋಡ್ ಹಾಕಿ ಪರೀಕ್ಷಿಸಿ ಅದನ್ನೇ ಹೇಳಿದ. ಹೊಸ ಬ್ಯಾಟರಿ ಕೂತಿತು. ಹಳೆಯದು ಅಂಗಡಿಯ ಮೂಲೆಗೆ. ಅದರ ಸೀಸ ಕರಗಿ ಮತ್ತೆ ಬ್ಯಾಟರಿಯಾಗಬೇಕು, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಕೇಳುವುದೂ ಅದನ್ನೇ. ಹಳೆಯದರ ಬೆಲೆ ಕಳೆದದ್ದಕ್ಕೆ ಹುಡುಗನ ಮುಖಕ್ಕೆ ಸ್ವಲ್ಪ ರಕ್ತ ಬಂತು.

ನನಗೊಂದು ಆಸೆ ಅಲ್ಲಿ ನಿಂತಾಗ ಗಟ್ಟಿಯಾಯಿತು. ಪ್ರತಿ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೋಣೆಯಲ್ಲಿ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಘಾಟಿಯ ಚೆಕ್‌ಪೋಸ್ಟುಗಳಲ್ಲಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕದಲ್ಲೇ ಇಂಥದ್ದೊಂದು ಇರಬೇಕು, ಅದನ್ನು ಬಳಸಲು ಬರುವ ಒಬ್ಬರಾದರೂ ಪ್ರತಿ ಪಾಳಿಯಲ್ಲೂ ಇರಬೇಕು. ಸಿಲಿಂಡರಿಗೆ ತಪಾಸಣೆಯ ದಿನಾಂಕದ ಚೀಟಿ ಅಂಟಿಸುತ್ತೇವೆ, ಇದಕ್ಕೂ ಅಂಟಿಸಿದರಾಯಿತು.

ಹುಡುಗನಿಗೆ ಈಗ ಹೊಸ ಡಬ್ಬಿ ಯಾವುದು ಕೊಳ್ಳಲಿ ಎಂಬ ಪ್ರಶ್ನೆ. ಅಣ್ಣ ಬ್ರ್ಯಾಂಡು ಹೇಳಲಿಲ್ಲ. "ನಿಂದು ಎರಡೂವರೆ ಲೀಟರ್ ಡೀಸೆಲ್ಲು. ಮೂರು ಲೀಟರ್ ಡೀಸೆಲ್ ಎತ್ತೋದು ಅಂತ ಬರ್ದಿರೋದು ತಗೋ. ಸೀಟ್ ಕೆಳಗಿಡು, ಬಿಸ್ಲಿಗೆ ಬೇಡ. ಉಪಯೋಗ್ಸಿದ ದಿನಾನೇ ಚಾರ್ಜ್ ಮಾಡು. ಉಪಯೋಗ್ಸದೆ ಇದ್ರೂ ಮೂರು ತಿಂಗಳಿಗೊಂದ್ಸಲ. ಮೊಬೈಲ್ ಕೊಡು ಇಲ್ಲಿ."

ಗ್ರೀಸು ಮೆತ್ತಿದ ಹೆಬ್ಬೆರಳಿನಲ್ಲಿ ಅಣ್ಣ ಅವನ ಮೊಬೈಲಿನ ಕ್ಯಾಲೆಂಡರ್ ತೆರೆದರು. ಏಪ್ರಿಲ್ 15ಕ್ಕೆ ಒಂದು ಅಲಾರಾಂ, ಜುಲೈ 15ಕ್ಕೆ ಒಂದು, ಅಕ್ಟೋಬರ್ 15ಕ್ಕೆ ಒಂದು. ಮೂರಕ್ಕೂ 'ಡಬ್ಬಿ ಚಾರ್ಜ್' ಎಂದು ಹೆಸರಿಟ್ಟು, ಓದಿಸಿ, ವಾಪಸು ಕೊಟ್ಟರು.

"ನಡಿಯಪ್ಪ, ಅವರೆಕಾಯಿಗೆ ಹೋಟ್ಲವ್ರು ಕಾಯ್ತಾವ್ರೆ."